ಟೇಕ್‌ಅವೇಯಲ್ಲಿ ಮಣಿಕಟ್ಟು ಯಾವಾಗ ಮಡಚಬೇಕು: ಮೊದಲೇನಾ, ಸೊಂಟ ದಾಟಿದ ಮೇಲೇನಾ?

ತೊಗರಿನಾಡು, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಭಾಗದಲ್ಲಿ ಗಾಲ್ಫ್ ಆಡುವವರೇ ಕಡಿಮೆ, ಕಲಿಸುವವರು ಅದಕ್ಕಿಂತ ಕಡಿಮೆ. ಹಾಗಾಗಿ ಟೇಕ್‌ಅವೇ, ಅಂದರೆ ಕ್ಲಬ್ಬನ್ನು ಚೆಂಡಿನಿಂದ ಹಿಂದಕ್ಕೆ ಸರಿಸುವ ಮೊದಲ ಹಂತದ ಬಗ್ಗೆ, ಬಹಳ ದಿನಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ.

ನಾನು ಬಲಗೈ ಆಟಗಾರ. ಮನೆಯ ಹಿಂದಿನ ಖುಲ್ಲಾ ಜಾಗದಲ್ಲಿ ಬಲೆ ಕಟ್ಟಿಕೊಂಡು ಅಭ್ಯಾಸ ಮಾಡುತ್ತೇನೆ. ರಜೆ ಸಿಕ್ಕಾಗ ಹೈದರಾಬಾದಿಗೆ ಹೋಗಿ ಆಡಿ ಬರುತ್ತೇನೆ. ಅಲ್ಲಿ ಇಬ್ಬರು ತರಬೇತುದಾರರಿಂದ ಪಾಠ ಹೇಳಿಸಿಕೊಂಡೆ. ಬ್ಯಾಕ್‌ಸ್ವಿಂಗ್ (ಹೊಡೆಯಲು ಕ್ಲಬ್ಬನ್ನು ಹಿಂದಕ್ಕೆ ಎತ್ತುವುದು) ಶುರುವಾಗುವಾಗ ಭುಜ, ತೋಳು, ಕೈ, ಕ್ಲಬ್ ನಾಲ್ಕೂ ಒಟ್ಟಿಗೆ ಹಿಂದಕ್ಕೆ ಸರಿಯಬೇಕು, ಶಾಫ್ಟ್ (ಕ್ಲಬ್ಬಿನ ಕೋಲು) ಸೊಂಟದೆತ್ತರಕ್ಕೆ ಬಂದು ನೆಲಕ್ಕೆ ಸಮಾನಾಂತರವಾಗುವ ತನಕ ಮಣಿಕಟ್ಟು ಅಲುಗಲೇಬಾರದು ಎಂದು ಒಬ್ಬರು ಹೇಳಿದರು. ಕ್ಲಬ್ ಚೆಂಡಿನಿಂದ ಸರಿದ ಕ್ಷಣದಿಂದಲೇ ಮಣಿಕಟ್ಟು ಮಡಚತೊಡಗಬೇಕು, ತಡಮಾಡಿದರೆ ಮೇಲೆ ಹೋದಾಗ ಒಮ್ಮೆಲೇ ಮಡಚಿಕೊಂಡು ಲಯ ಕೆಡುತ್ತದೆ ಎಂದು ಇನ್ನೊಬ್ಬರು ತದ್ವಿರುದ್ಧವಾಗಿ ಹೇಳಿದರು. ಮೊದಲನೆಯವರ ಮಾತಿನಂತೆ ಮಾಡಿದರೆ ಮುಂದೋಳು ಬಿಗಿದುಕೊಳ್ಳುತ್ತದೆ. ಎರಡನೆಯವರ ಮಾತಿನಂತೆ ಮಾಡಿದರೆ ಕ್ಲಬ್ ಬೆನ್ನ ಹಿಂದಕ್ಕೆ ಎಳೆದುಕೊಂಡು ಹೋಗಿ, ಚೆಂಡು ಬಲಕ್ಕೆ ಹೊರಟು ಇನ್ನಷ್ಟು ಬಲಕ್ಕೆ ಬಾಗುತ್ತದೆ.

ಇಬ್ಬರೂ ಅನುಭವಿಗಳೇ. ಹಾಗಿದ್ದರೆ ಟೇಕ್‌ಅವೇಯಲ್ಲಿ ಕೈ ಮತ್ತು ಮಣಿಕಟ್ಟಿನ ಕೆಲಸ ನಿಜವಾಗಿ ಏನು? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಏಳನೇ ಐರನ್, ಬೀದರ

ಮೊದಲನೆಯವರು ಹೇಳಿದ್ದೇ ಸರಿ. 18 ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿಗಳು) ಗೆದ್ದ ಜ್ಯಾಕ್ ನಿಕ್ಲಾಸ್ ಅವರ ಟೇಕ್‌ಅವೇ ನೋಡಿರಿ: ಭುಜ ತಿರುಗಿದಂತೆ ಕ್ಲಬ್ ಸರಿಯುತ್ತದೆ, ಕೈ ತನ್ನಷ್ಟಕ್ಕೆ ಏನೂ ಮಾಡುವುದಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮಾಂಜ್ರಾ ದಂಡೆ, ಬೀದರ

6 ಮೇಜರ್ ಗೆದ್ದ ನಿಕ್ ಫಾಲ್ಡೊ, ಮೊದಲು ಮಣಿಕಟ್ಟು ಮಡಚಿ ಆಮೇಲೆ ಭುಜ ತಿರುಗಿಸುವ ಅಭ್ಯಾಸಕ್ಕೆ ಹೆಸರಾದವರು. ಅವರಿಗೇನು ಗಾಲ್ಫ್ ಬರುತ್ತಿರಲಿಲ್ಲವೇ?

ಏಳನೇ ಐರನ್, ಬೀದರ

ಅಭ್ಯಾಸಕ್ಕೆಂದು ಮಾಡುವುದು ಬೇರೆ, ಪಂದ್ಯದಲ್ಲಿ ಮಾಡುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿರಿ.

ಹದಿನೆಂಟನೇ ಕುಳಿ, ಬೀದರ

ನೀವಿಬ್ಬರೂ ದೊಡ್ಡವರ ಹೆಸರು ಹಿಡಿದು ಜಗಳವಾಡುತ್ತಿದ್ದೀರಿ. ತೊಗರಿನಾಡು ಅವರ ಚೆಂಡು ಮಾತ್ರ ಇನ್ನೂ ಬಲಕ್ಕೇ ಹೋಗುತ್ತಿದೆ. ಮೊದಲು ಅದನ್ನು ನೋಡೋಣ.

ಮಣಿಕಟ್ಟು ಯಾವಾಗ ಮಡಚಬೇಕು ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಸರಿಯುತ್ತರಗಳಿವೆ. ಅಮೆರಿಕದ ವೃತ್ತಿಪರ ಆಟಗಾರ ಸ್ಟೀವ್ ಸ್ಟ್ರಿಕರ್ ಬಹಳ ಕಡಿಮೆ ಮಡಚಿ ಜೀವನಪೂರ್ತಿ ಉನ್ನತ ಮಟ್ಟದಲ್ಲಿ ಆಡಿದರು. ಬೇಗ ಮಡಚುವವರೂ ಗೆದ್ದಿದ್ದಾರೆ, ತಡವಾಗಿ ಮಡಚುವವರೂ ಗೆದ್ದಿದ್ದಾರೆ. ಆದರೆ ಟೇಕ್‌ಅವೇಯಲ್ಲಿ ಕ್ಲಬ್‌ಫೇಸ್ (ಚೆಂಡಿಗೆ ತಾಗುವ ಮುಖ) ಎತ್ತ ಮುಖ ಮಾಡಿರಬೇಕು ಎಂಬುದಕ್ಕೆ ಅಷ್ಟೊಂದು ಸಡಿಲಿಕೆ ಇಲ್ಲ. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು ಹೊಡೆತದ ಕ್ಷಣದಲ್ಲಿ ಕ್ಲಬ್‌ಫೇಸ್ ಇರುವ ದಿಕ್ಕು. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ ಅದರ ಪಾಲು ಸುಮಾರು 85 ಪ್ರತಿಶತ, ಚಪ್ಪಟೆ ಲೋಹತಲೆಯ ಕ್ಲಬ್‌ಗಳಾದ ಐರನ್‌ಗಳಲ್ಲಿ ಸುಮಾರು 75 ಪ್ರತಿಶತ. ಕ್ಲಬ್ ಸಾಗಿ ಬಂದ ದಾರಿಗೂ ಫೇಸ್‌ನ ದಿಕ್ಕಿಗೂ ಇರುವ ಅಂತರ ಚೆಂಡನ್ನು ಬಾಗಿಸುತ್ತದೆ. ನಿಮ್ಮ ಚೆಂಡು ಬಲಕ್ಕೆ ಹೊರಟು ಬಲಕ್ಕೇ ಬಾಗುತ್ತಿದೆ ಎಂದರೆ ಫೇಸ್ ಗುರಿಗೂ ತೆರೆದಿದೆ, ದಾರಿಗೂ ತೆರೆದಿದೆ, ಅಂದರೆ ಎರಡಕ್ಕಿಂತಲೂ ಬಲಕ್ಕೆ ತಿರುಗಿದೆ. ಬ್ಯಾಕ್‌ಸ್ವಿಂಗ್‌ಗೆ ಸುಮಾರು ಮುಕ್ಕಾಲು ಸೆಕೆಂಡ್ ಸಿಗುತ್ತದೆ, ಕೆಳಗೆ ಬರಲು ಅದರ ಮೂರನೇ ಒಂದು ಪಾಲು. ಟೇಕ್‌ಅವೇಯಲ್ಲಿ ತೆರೆದುಕೊಂಡ ಫೇಸನ್ನು ಆ ಕಾಲು ಸೆಕೆಂಡಿನಲ್ಲಿ ಮುಚ್ಚುವುದು ದಿನವೂ ಆಡುವವರಿಗೆ ಸಾಧ್ಯವಾದೀತು, ತಿಂಗಳಿಗೊಮ್ಮೆ ಆಡುವವರಿಗೆ ಕಷ್ಟ.

ಆದ್ದರಿಂದ ಹೀಗೆ ಮಾಡಿರಿ. 7 ಐರನ್ ಹಿಡಿದು ಶಾಫ್ಟ್ ನೆಲಕ್ಕೆ ಸಮಾನಾಂತರವಾಗುವಲ್ಲಿ ನಿಂತುಬಿಡಿರಿ. ಆಗ ಶಾಫ್ಟ್ ನಿಮ್ಮ ಕಾಲ್ಬೆರಳುಗಳ ಸಾಲಿಗೂ ಸಮಾನಾಂತರವಾಗಿರಬೇಕು. ಹಿಂದೆ ನಿಂತು ನೋಡುವವರಿಗೆ ಕ್ಲಬ್‌ಹೆಡ್ ನಿಮ್ಮ ಕೈಗಳನ್ನು ಮುಚ್ಚಿದಂತೆ ಅಥವಾ ಅದಕ್ಕಿಂತ ತುಸು ಹೊರಗೆ ಕಾಣಬೇಕು. ಇನ್ನು ಕ್ಲಬ್‌ಫೇಸ್‌ನ ಕೆಳಗಿನ ಅಂಚು ನಿಮ್ಮ ಬೆನ್ನೆಲುಬಿನ ಓರೆಗೆ ಹೊಂದಿಕೊಂಡಿರಬೇಕು, ಅಂದರೆ ಟೋ (ಕ್ಲಬ್‌ಹೆಡ್‌ನ ತುದಿ) ನೆಟ್ಟಗೆ ಆಕಾಶ ನೋಡುವುದಕ್ಕಿಂತ ಸ್ವಲ್ಪ ಚೆಂಡಿನ ಕಡೆಗೆ ವಾಲಿರಬೇಕು. ನಿಮ್ಮಲ್ಲಿ ಏನು ಕಾಣುತ್ತದೆ, ಅದನ್ನು ಬರೆಯಿರಿ.

ತೊಗರಿನಾಡು, ಕಲಬುರಗಿ

ಸರ್, ಈಗಷ್ಟೇ ನೋಡಿದೆ. ಕ್ಲಬ್‌ಹೆಡ್ ಕೈಗಳಿಗಿಂತ ಬಹಳ ಒಳಗೆ, ನನ್ನ ಬೆನ್ನ ಕಡೆಗೆ ಇದೆ. ಫೇಸ್ ಸುಮಾರಾಗಿ ಆಕಾಶಕ್ಕೆ ಮುಖ ಮಾಡಿದೆ. ಎಡಗೈ ಮಣಿಕಟ್ಟಿನ ಮೇಲ್ಭಾಗವೂ ಆಕಾಶವನ್ನೇ ನೋಡುತ್ತಿದೆ.

ಹದಿನೆಂಟನೇ ಕುಳಿ, ಬೀದರ

ಅಲ್ಲಿಗೆ ರೋಗ ಗೊತ್ತಾಯಿತು. ನಿಮ್ಮದು ಬೇಗ ಮಡಚುವ ತೊಂದರೆಯಲ್ಲ, ಮುಂದೋಳು ಉರುಳುವ ತೊಂದರೆ. ಎರಡನೆಯ ತರಬೇತುದಾರರು ಮಡಚಿರಿ ಎಂದದ್ದಕ್ಕೆ ನಿಮ್ಮ ಕೈ ಮಡಚುವ ಬದಲು ಉರುಳಿದೆ.

ಮೂಳೆಮಾತು, ಕಲಬುರಗಿ

ನಾನು ವೃತ್ತಿಯಿಂದ ಫಿಸಿಯೋಥೆರಪಿಸ್ಟ್; ಗಾಲ್ಫನ್ನು ಅಂಗರಚನೆಯ ಕಣ್ಣಿನಿಂದ ನೋಡುವವಳು. ಹದಿನೆಂಟನೇ ಕುಳಿ ಅವರು ಹೇಳಿದ್ದಕ್ಕೆ ಶರೀರದ ಕಾರಣ ಸೇರಿಸುತ್ತೇನೆ, ಏಕೆಂದರೆ ಇಲ್ಲಿ ಬೇರೆ ಬೇರೆ ಚಲನೆಗಳು ಒಂದೇ ಎಂಬಂತೆ ಕಲಸಿಹೋಗಿವೆ.

ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಅಲ್ಲಿ ಮುಖ್ಯವಾಗಿ ಎರಡು ಬಗೆಯ ಚಲನೆ ನಡೆಯುತ್ತದೆ. ಒಂದು, ಹೆಬ್ಬೆರಳಿನ ಕಡೆಗೆ ಮೇಲೇಳುವುದು ಮತ್ತು ಕಿರುಬೆರಳಿನ ಕಡೆಗೆ ಇಳಿಯುವುದು. ಮೇಲಕ್ಕೆ ಸುಮಾರು 20 ಡಿಗ್ರಿ, ಕೆಳಕ್ಕೆ ಸುಮಾರು 30 ಡಿಗ್ರಿ ಸಿಗುತ್ತದೆ. ಚೆಂಡಿನ ಮುಂದೆ ನಿಂತಾಗ ಕೈ ಕಿರುಬೆರಳಿನ ಕಡೆಗೆ ಇಳಿದಿರುತ್ತದೆ, ಬ್ಯಾಕ್‌ಸ್ವಿಂಗ್‌ನಲ್ಲಿ ಹೆಬ್ಬೆರಳಿನ ಕಡೆಗೆ ಏರುತ್ತದೆ; ಗಾಲ್ಫ್‌ನಲ್ಲಿ ಮಡಚುವುದು ಎಂದರೆ ಮೊದಲಿಗೆ ಇದು. ಇನ್ನೊಂದು, ಅಂಗೈ ಕಡೆಗೆ ಬಾಗುವುದು ಮತ್ತು ಹಿಂಗೈ ಕಡೆಗೆ ಬಾಗುವುದು. ಬಲಗೈ ಆಟಗಾರರಲ್ಲಿ ಬ್ಯಾಕ್‌ಸ್ವಿಂಗ್ ಸಾಗಿದಂತೆ ಬಲ ಮಣಿಕಟ್ಟು ಹಿಂಗೈ ಕಡೆಗೆ ಬಾಗುತ್ತದೆ, ಎಡ ಮಣಿಕಟ್ಟು ತಾನು ಹೊರಟ ಸ್ಥಿತಿಯ ಆಸುಪಾಸಿನಲ್ಲಿಯೇ ಇರುತ್ತದೆ.

ಕೈ ಉರುಳುವುದು ಮಣಿಕಟ್ಟಿನ ಕೆಲಸವೇ ಅಲ್ಲ. ಅದು ಮೊಣಕೈ ಮತ್ತು ಮಣಿಕಟ್ಟಿನ ನಡುವಿನ ಎರಡು ಮೂಳೆಗಳು ಒಂದರ ಮೇಲೊಂದು ಹೊರಳುವುದರಿಂದ ಆಗುತ್ತದೆ. ಅಲ್ಲಿ ಒಂದೊಂದು ದಿಕ್ಕಿಗೆ ಸುಮಾರು 80 ಡಿಗ್ರಿಯಷ್ಟು ಚಲನೆ ಇದೆ. ಅಷ್ಟು ಸಲೀಸಾಗಿ ಹೊರಳುವ ಅಂಗಕ್ಕೆ ಬೇಗ ಮಡಚು ಎಂದು ಆಜ್ಞೆ ಮಾಡಿದರೆ, ಮಣಿಕಟ್ಟು ಏರುವ ಮೊದಲೇ ಮುಂದೋಳು ಹೊರಳಿಬಿಡುತ್ತದೆ, ಕ್ಲಬ್‌ಫೇಸ್ ಆ ಹೊರಳಿಗೆ ತಕ್ಕಂತೆ ತೆರೆದುಕೊಳ್ಳುತ್ತದೆ. ಬ್ಯಾಕ್‌ಸ್ವಿಂಗ್ ಪೂರ್ತಿಯಾಗುವಾಗ ಸ್ವಲ್ಪ ಹೊರಳುವುದು ಸಹಜ ಮತ್ತು ಅಗತ್ಯ. ಮೊದಲ ಅರ್ಧ ಮೀಟರಿನಲ್ಲಿಯೇ ಎಲ್ಲವೂ ಹೊರಳಿ ಮುಗಿದರೆ ತೊಂದರೆ.

ಏಳನೇ ಐರನ್, ಬೀದರ

ಮೇಡಂ, ತಾವು ಹೇಳಿದ್ದು ನನ್ನ ಮಾತನ್ನೇ ಗಟ್ಟಿ ಮಾಡಿತು. ಸೊಂಟದವರೆಗೆ ಕೈಯನ್ನು ಸುಮ್ಮನಿಟ್ಟರೆ ಉರುಳುವ ಪ್ರಶ್ನೆಯೇ ಬರುವುದಿಲ್ಲ.

ಮೂಳೆಮಾತು, ಕಲಬುರಗಿ

ಸುಮ್ಮನಿಡುವುದಕ್ಕೂ ಬಿಗಿಹಿಡಿಯುವುದಕ್ಕೂ ವ್ಯತ್ಯಾಸವಿದೆ, ಸರ್. ಬೆರಳು ಬಿಗಿಯುವ ಸ್ನಾಯುಗಳೂ ಮಣಿಕಟ್ಟನ್ನು ದಾಟಿ ಮುಂದೋಳಿಗೇ ಹೋಗುತ್ತವೆ. ಮಣಿಕಟ್ಟನ್ನು ಅಲುಗಿಸಬಾರದೆಂದು ಹಟ ಹಿಡಿದವರು ಹಿಡಿಕೆಯನ್ನು ಹಿಂಡುತ್ತಾರೆ, ಹಿಂಡಿದ ಮೇಲೆ ಮುಂದೆ ಮಡಚಬೇಕಾದಾಗಲೂ ಅದು ಮಡಚುವುದಿಲ್ಲ. ತೊಗರಿನಾಡು ಅವರಿಗೆ ಮೊದಲ ವಿಧಾನದಲ್ಲಿ ಮುಂದೋಳು ಬಿಗಿದುಕೊಳ್ಳುವುದು ಇದಕ್ಕೇ.

ಎಡಗೈಯವ, ಯಾದಗಿರಿ

ಒಂದು ವಿನಂತಿ. ದಯವಿಟ್ಟು ಎಡಗೈ, ಬಲಗೈ ಎಂದು ಬರೆಯದೆ ಗುರಿಯ ಕಡೆಯ ಕೈ, ಹಿಂದಿನ ಕೈ ಎಂದು ಬರೆಯಿರಿ. ನನ್ನಂಥವರು ಪ್ರತಿ ಸಾಲನ್ನೂ ತಿರುವಿ ಓದಬೇಕಾಗುತ್ತದೆ. ಉಳಿದೆಲ್ಲ ಕೆಲಸಕ್ಕೆ ಬಲಗೈ ಬಳಸುವ ಫಿಲ್ ಮಿಕೆಲ್ಸನ್, ತಂದೆಯ ಸ್ವಿಂಗನ್ನು ಎದುರು ನಿಂತು ನೋಡಿ ಕಲಿತು ಎಡಗೈ ಆಟಗಾರರಾದರು. ನಮಗೆ ಆ ಅನುಕೂಲವೂ ಇಲ್ಲ.

ಹದಿನೆಂಟನೇ ಕುಳಿ, ಬೀದರ

ಒಪ್ಪಿದೆ. ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ.

ಭೀಮಾತೀರ, ಯಾದಗಿರಿ

ತೊಗರಿನಾಡು ಅಣ್ಣಾವರೇ, ಒಂದು ಪ್ರಶ್ನೆ. ನೀವು ಮೊದಲು ಕ್ರಿಕೆಟ್ ಆಡಿದವರೇ? ಕೇಳಲು ಕಾರಣವಿದೆ. ನಮ್ಮ ಊರುಗಳಲ್ಲಿ ಗಾಲ್ಫ್‌ಗೆ ಬರುವವರೆಲ್ಲ ಕ್ರಿಕೆಟ್ ಇಲ್ಲವೇ ಹಾಕಿ ಆಡಿ ಬಂದವರು, ಆ ಆಟಗಳ ಕೈ ಇಲ್ಲಿಗೂ ಬರುತ್ತದೆ. ಬ್ಯಾಟ್ ಎತ್ತುವಾಗ ಅನೇಕರ ಬ್ಯಾಟಿನ ಮುಖ ಪಾಯಿಂಟ್ ಅಥವಾ ಗಲ್ಲಿ ಕಡೆಗೆ ತೆರೆದುಕೊಳ್ಳುತ್ತದೆ, ಕ್ರಿಕೆಟ್‌ನಲ್ಲಿ ಅದು ದೋಷವೇ ಅಲ್ಲ, ಏಕೆಂದರೆ ಚೆಂಡು ಬಂದ ಮೇಲೆ ಹೊಡೆತಕ್ಕೆ ತಕ್ಕಂತೆ ಮುಖ ತಿರುಗಿಸಿಕೊಳ್ಳಲು ಬ್ಯಾಟ್ಸ್‌ಮನ್‌ಗೆ ಅವಕಾಶವಿದೆ. ಹಾಕಿಯಲ್ಲಂತೂ ಕೋಲನ್ನು ಹೊರಳಿಸುವುದೇ ಆಟದ ಜೀವಾಳ. ಚೆಂಡನ್ನು ಆ ಕಡೆ ಈ ಕಡೆ ಮಾಡುವಾಗ ಮೇಲಿನ ಕೈ ಕೋಲನ್ನು ತಿರುಗಿಸುತ್ತಲೇ ಇರುತ್ತದೆ. ಹಾಕಿ ಆಡಿದ ನನ್ನ ಗೆಳೆಯರಲ್ಲಿ ಗಾಲ್ಫ್ ಕ್ಲಬ್ಬನ್ನು ಮೊದಲ ಸಲ ಹಿಡಿದವರನ್ನು ಗಮನಿಸಿದ್ದೇನೆ: ಕ್ಲಬ್‌ಹೆಡ್ ಇನ್ನೂ ಹಿಂದಿನ ಪಾದವನ್ನು ದಾಟಿರುವುದಿಲ್ಲ, ಅಷ್ಟರಲ್ಲೇ ಫೇಸ್ ಮೇಲೆ ನೋಡುತ್ತಿರುತ್ತದೆ.

ತೊಗರಿನಾಡು, ಕಲಬುರಗಿ

ಹೌದು ಸರ್, ಕಾಲೇಜಿನ ದಿನಗಳಲ್ಲಿ ಕ್ರಿಕೆಟ್ ಆಡಿದ್ದೇನೆ. ಕವರ್ ಡ್ರೈವ್ ನನ್ನ ಇಷ್ಟದ ಹೊಡೆತವಾಗಿತ್ತು.

ಮಾಂಜ್ರಾ ದಂಡೆ, ಬೀದರ

ಕ್ರಿಕೆಟ್‌ನಿಂದ ಬಂದವರು ಹಿಡಿಕೆಯನ್ನು ಅಂಗೈಯಲ್ಲಿ ಹಿಡಿಯುತ್ತಾರೆ. ಅದನ್ನೂ ನೋಡಿಕೊಳ್ಳಿರಿ.

ಹದಿನೆಂಟನೇ ಕುಳಿ, ಬೀದರ

ಮಾಂಜ್ರಾ ದಂಡೆ ಅವರು ಒಂದೇ ಸಾಲಿನಲ್ಲಿ ಹೇಳಿದ್ದು ಈ ಚರ್ಚೆಯ ಬಹಳ ಮುಖ್ಯವಾದ ಮಾತು. ಗುರಿಯ ಕಡೆಯ ಕೈಯಲ್ಲಿ ಹಿಡಿಕೆ ತೋರುಬೆರಳಿನ ಬುಡದಿಂದ ಕಿರುಬೆರಳಿನ ಕೆಳಗಿನ ಮೆತ್ತನೆಯ ದಿಂಡಿನ ಅಡಿಗೆ ಓರೆಯಾಗಿ ಹಾಯಬೇಕು, ಹೆಚ್ಚಿನ ಭಾಗ ಬೆರಳುಗಳಲ್ಲಿರಬೇಕು. ಅಂಗೈಯ ನಡುವೆ ಹಿಡಿದರೆ ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಏರಲು ಜಾಗವೇ ಇರುವುದಿಲ್ಲ. ಏರಲು ಆಗದ ಕೈ ಹೊರಳುತ್ತದೆ. ಪರೀಕ್ಷೆ ಸುಲಭ: ಆ ಒಂದೇ ಕೈಯಲ್ಲಿ ಕ್ಲಬ್ ಹಿಡಿದು, ತೋರುಬೆರಳನ್ನು ಕೊಕ್ಕೆಯಾಗಿಸಿ, ಕೊನೆಯ ಮೂರು ಬೆರಳುಗಳನ್ನು ಬಿಟ್ಟು ನೋಡಿರಿ. ಹಿಡಿಕೆ ದಿಂಡಿನ ಅಡಿಗೆ ಸಿಕ್ಕಿಕೊಂಡು ಕ್ಲಬ್ ಬೀಳದೆ ನಿಂತರೆ ಸರಿಯಾಗಿದೆ. ಜಾರಿ ಬಿದ್ದರೆ ಅಂಗೈ ಹಿಡಿತ.

ಗೆಣ್ಣುಗಳನ್ನೂ ಎಣಿಸಿಕೊಳ್ಳಿರಿ. ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಗುರಿಯ ಕಡೆಯ ಕೈಯ ಎರಡು ಗೆಣ್ಣುಗಳು ಕಂಡರೆ ಸಾಮಾನ್ಯ ಹಿಡಿತ, ಮೂರು ಅಥವಾ ಹೆಚ್ಚು ಕಂಡರೆ ಸ್ಟ್ರಾಂಗ್ ಗ್ರಿಪ್, ಒಂದೇ ಕಂಡರೆ ವೀಕ್ ಗ್ರಿಪ್. ಹ್ಯಾರಿ ವಾರ್ಡನ್ ಜನಪ್ರಿಯಗೊಳಿಸಿದಂತೆ ಹಿಂದಿನ ಕೈಯ ಕಿರುಬೆರಳನ್ನು ಇನ್ನೊಂದು ಕೈಯ ಮೇಲೆ ಇಡುತ್ತೀರೋ, ನಿಕ್ಲಾಸ್ ಮತ್ತು ಟೈಗರ್ ವುಡ್ಸ್ ಅವರಂತೆ ಹೆಣೆದುಕೊಳ್ಳುತ್ತೀರೋ ಎಂಬುದು ಟೇಕ್‌ಅವೇ ಮಟ್ಟಿಗೆ ಅಷ್ಟು ದೊಡ್ಡ ವಿಷಯವಲ್ಲ. ಗೆಣ್ಣುಗಳ ಲೆಕ್ಕ ಮಾತ್ರ ದೊಡ್ಡ ವಿಷಯ.

ಏಳನೇ ಐರನ್, ಬೀದರ

ಗೆಣ್ಣು ಎಷ್ಟೇ ಕಾಣಲಿ, ಗುರಿಯ ಕಡೆಯ ಮಣಿಕಟ್ಟು ಚಪ್ಪಟೆಯಾಗಿರಬೇಕು ಎಂಬುದು ಎಲ್ಲ ತರಬೇತುದಾರರ ಮಾತು. ಅದರಲ್ಲಿ ವಿನಾಯಿತಿ ಇಲ್ಲ.

ಮೂಳೆಮಾತು, ಕಲಬುರಗಿ

ವಿನಾಯಿತಿ ಇದೆ, ಸರ್. ಸ್ಟ್ರಾಂಗ್ ಗ್ರಿಪ್ ಹಿಡಿದವರ ಮಣಿಕಟ್ಟು ನಿಂತಲ್ಲಿಯೇ ಹಿಂಗೈ ಕಡೆಗೆ ಸ್ವಲ್ಪ ಬಾಗಿರುತ್ತದೆ. ಅವರು ಅದನ್ನು ಬಲವಂತವಾಗಿ ಚಪ್ಪಟೆ ಮಾಡಿದರೆ ಫೇಸ್ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಮಾತು: ಮಣಿಕಟ್ಟು ಹೆಬ್ಬೆರಳಿನ ಕಡೆಗೆ ಏರುವಾಗ ಹಿಂಗೈ ಕಡೆಗೂ ಸ್ವಲ್ಪ ಬಾಗುವುದು ಅದರ ಸಹಜವಾದ ಓರೆ ದಾರಿ. ಆದ್ದರಿಂದ ಯಾವ ಸ್ಥಿತಿಯಲ್ಲಿ ನಿಂತಿದ್ದೀರೋ ಅದರಿಂದ ಎಷ್ಟು ಬದಲಾಯಿತು ಎಂಬುದನ್ನು ನೋಡಬೇಕು, ಎಲ್ಲರಿಗೂ ಒಂದೇ ಅಳತೆ ಇಡಬಾರದು.

ಮಾಂಜ್ರಾ ದಂಡೆ, ಬೀದರ

ಹಿಂದಿನ ಕಾಲದ ದೊಡ್ಡ ಚಾಂಪಿಯನ್ ಬೆನ್ ಹೋಗನ್ ಅವರೇ 1955ರಲ್ಲಿ ತಮ್ಮ ಗುಟ್ಟೆಂದು ಪತ್ರಿಕೆಯಲ್ಲಿ ಹೇಳಿಕೊಂಡದ್ದು ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಗುರಿಯ ಕಡೆಯ ಮಣಿಕಟ್ಟನ್ನು ಹಿಂಗೈ ಕಡೆಗೆ ಬಾಗಿಸುವ ಕ್ರಮವನ್ನು. ಡಸ್ಟಿನ್ ಜಾನ್ಸನ್ ಅದಕ್ಕೆ ಪೂರಾ ಉಲ್ಟಾ: ಅಂಗೈ ಕಡೆಗೆ ಬಾಗಿಸಿ 2016ರ ಯುಎಸ್ ಓಪನ್ ಮತ್ತು 2020ರ ಮಾಸ್ಟರ್ಸ್ ಗೆದ್ದರು. ಚಪ್ಪಟೆ ಎಂಬ ಒಂದೇ ನಿಯಮ ಎಲ್ಲಿ ಉಳಿಯಿತು?

ಏಳನೇ ಐರನ್, ಬೀದರ

ಹೋಗನ್ ಹುಕ್ (ಚೆಂಡು ಎಡಕ್ಕೆ ಜೋರಾಗಿ ಬಾಗುವುದು) ತಡೆಯಲು ಹಾಗೆ ಮಾಡಿದರು. ತೊಗರಿನಾಡು ಅವರ ಚೆಂಡು ಬಲಕ್ಕೆ ಹೋಗುತ್ತಿದೆ. ಇವರು ಹೋಗನ್ ದಾರಿ ಹಿಡಿದರೆ ಇನ್ನೂ ಬಲಕ್ಕೆ ಹೋಗುತ್ತದೆ. ಹೆಸರು ಹೇಳುವಾಗ ಅವರು ಯಾವ ಕಾಯಿಲೆಗೆ ಆ ಮದ್ದು ಮಾಡಿಕೊಂಡರು ಎಂಬುದನ್ನೂ ಹೇಳಬೇಕು.

ಮಾಂಜ್ರಾ ದಂಡೆ, ಬೀದರ

ಈ ಮಾತನ್ನು ಒಪ್ಪುತ್ತೇನೆ.

ಸುರಪುರದಾಕೆ, ಯಾದಗಿರಿ ಜಿಲ್ಲೆ

ನಾನು ಹೊಸಬಳು, ಪ್ರಶ್ನೆ ಸಣ್ಣದೆನಿಸಿದರೂ ಉತ್ತರಿಸಿರಿ. ಟೇಕ್‌ಅವೇಯಲ್ಲಿ ಬೇಗ ಮಡಚಲು ಹೋದಾಗ ನನಗೆ ಗುರಿಯ ಕಡೆಯ ಕೈಯ ಹೆಬ್ಬೆರಳಿನ ಬುಡದಲ್ಲಿ ನೋವು ಬರುತ್ತಿದೆ. ನಮ್ಮದು ಎರೆಭೂಮಿ. ಬೇಸಿಗೆಯಲ್ಲಿ ನೆಲ ಬಿರಿದು ಗಟ್ಟಿಯಾಗಿರುತ್ತದೆ, ಐರನ್ ನೆಲಕ್ಕೆ ತಾಗಿದಾಗ ಇಡೀ ಕೈ ಜುಮ್ಮೆನ್ನುತ್ತದೆ. ನೋವು ಮಡಚುವುದರಿಂದಲೋ, ನೆಲದಿಂದಲೋ?

ಮೂಳೆಮಾತು, ಕಲಬುರಗಿ

ತಂಗೀ, ಇದು ಸಣ್ಣ ಪ್ರಶ್ನೆಯಲ್ಲ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಪಕ್ಕಕ್ಕೆ ನೋವಿದ್ದರೆ ಅಲ್ಲಿ ಹಾಯುವ ಸ್ನಾಯುರಜ್ಜುಗಳ ಕವಚ ಊದಿಕೊಂಡಿರಬಹುದು; ಡಿ ಕರ್ವೇನ್ ಎಂದು ಕರೆಯುವ ಈ ತೊಂದರೆ ಗಾಲ್ಫ್ ಆಡುವವರ ಗುರಿಯ ಕಡೆಯ ಕೈಯಲ್ಲಿ ಕಾಣಿಸಿಕೊಳ್ಳುತ್ತದೆ. ಹೆಬ್ಬೆರಳನ್ನು ಹಿಡಿಕೆಯ ಮೇಲೆ ಒತ್ತಿಟ್ಟು ಮಣಿಕಟ್ಟನ್ನು ಪದೇ ಪದೇ ಏರಿಸಿ ಇಳಿಸುವುದು ಅದಕ್ಕೆ ಒಂದು ಕಾರಣ. ಕಿರುಬೆರಳಿನ ಕಡೆ ನೋವಿದ್ದರೆ ಅದು ಬೇರೆಯದೇ ತೊಂದರೆ. ಹಿಡಿಕೆಯ ತುದಿ ಅಂಗೈಯ ಬುಡಕ್ಕೆ ಒತ್ತಿಕೊಂಡು, ಗಟ್ಟಿ ನೆಲಕ್ಕೆ ಹೊಡೆದ ಪೆಟ್ಟು ಅಲ್ಲಿಗೆ ತಾಗಿದರೆ ಹ್ಯಾಮೇಟ್ ಎಂಬ ಚಿಕ್ಕ ಮೂಳೆಯ ಕೊಕ್ಕೆ ಮುರಿಯುವುದೂ ಉಂಟು, ಸಾಮಾನ್ಯ ಎಕ್ಸ್‌ರೇಯಲ್ಲಿ ಅದು ಕಣ್ತಪ್ಪಿ ಹೋಗಬಹುದು.

ನೋವು ಇಳಿಯುವ ತನಕ ಚೆಂಡು ಹೊಡೆಯಬೇಡಿರಿ, ಕಡಿಮೆಯಾಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿರಿ. ಮತ್ತೆ ಶುರು ಮಾಡುವಾಗ ದಪ್ಪ ಮ್ಯಾಟ್ ಹಾಸಿಕೊಂಡು ಅಥವಾ ಚೆಂಡನ್ನು ಟೀ (ನೆಲಕ್ಕೆ ಚುಚ್ಚುವ ಚಿಕ್ಕ ಮೊಳೆ) ಮೇಲಿಟ್ಟು ಹೊಡೆಯಿರಿ. ಬಿರಿದ ಎರೆಯ ಮೇಲೆ ಐರನ್ ಅಭ್ಯಾಸ ಬೇಡವೇ ಬೇಡ.

ಸುರಪುರದಾಕೆ, ಯಾದಗಿರಿ ಜಿಲ್ಲೆ

ಧನ್ಯವಾದಗಳು ಅಕ್ಕಾವರೇ. ನಾಳೆಯೇ ತೋರಿಸುತ್ತೇನೆ.

ಕಾರಂಜಾ, ಭಾಲ್ಕಿ

ಬಲೆಯಲ್ಲಿ ಅಭ್ಯಾಸ ಮಾಡುವವರಿಗೆ ಚೆಂಡು ಎತ್ತ ಹೋಯಿತೆಂದು ತಿಳಿಯುವುದಿಲ್ಲ, ಆದ್ದರಿಂದ ಟೇಕ್‌ಅವೇ ನೋಡಿಕೊಳ್ಳಲು ಬೇರೆ ಉಪಾಯ ಬೇಕು. ನಮ್ಮ ಮನೆಗಳ ಅಂಗಳದಲ್ಲಿ ಹಾಸಿರುವ ಶಹಾಬಾದ್ ಫರಸಿಯೇ ಅದಕ್ಕೆ ಸಾಕು. ಎರಡು ಫರಸಿಗಳ ನಡುವಿನ ಉದ್ದನೆಯ ಸಂದನ್ನು ಗುರಿಯ ಗೆರೆ ಎಂದುಕೊಂಡು, ಅದಕ್ಕೆ ಸಮಾನಾಂತರವಾಗಿ ನಿಲ್ಲಿರಿ. ಕ್ಲಬ್‌ಹೆಡ್ಡನ್ನು ಆ ಸಂದಿನ ಮೇಲೆ ಕಲ್ಲಿಗೆ ತಾಗದಂತೆ ಹಿಡಿದು ನಿಧಾನವಾಗಿ ಹಿಂದಕ್ಕೆ ತೆಗೆದುಕೊಳ್ಳಿರಿ. ಮೊದಲ ಒಂದು ಅಡಿಯಷ್ಟು ದೂರ ಅದು ಸಂದಿನ ಮೇಲೆಯೇ ಸಾಗಬೇಕು, ಅನಂತರ ಭುಜ ತಿರುಗಿದಂತೆ ತಾನಾಗಿ ನಿಮ್ಮ ಕಡೆಗೆ ಬಾಗುತ್ತದೆ. ಅಂಗೈ ಹೊರಳಿತೆಂದರೆ ಕ್ಲಬ್‌ಹೆಡ್ ಹೊರಟ ಕೂಡಲೇ ಸಂದು ಬಿಟ್ಟು ಒಳಗೆ ಬರುತ್ತದೆ, ಅದು ಕಣ್ಣಿಗೆ ಎದ್ದು ಕಾಣುತ್ತದೆ. ಸಂದಿನ ಗೆರೆ ತೆಳ್ಳಗೆ, ಕಲ್ಲು ಬೂದು ಬಣ್ಣದ್ದು. ಒಂದು ಬೆರಳಗಲ ತಪ್ಪಿದರೂ ಮುಚ್ಚಿಡಲು ಆಗುವುದಿಲ್ಲ.

ವೇಗವಾಗಿ ಬೀಸಬೇಡಿರಿ. ಕಲ್ಲಿಗೆ ಬಡಿದರೆ ಕ್ಲಬ್ ಹೋಗುತ್ತದೆ, ಕೈಯೂ ಹೋಗುತ್ತದೆ.

ಹದಿನೆಂಟನೇ ಕುಳಿ, ಬೀದರ

ಒಳ್ಳೆಯ ಉಪಾಯ. ಒಂದು ತಿದ್ದುಪಡಿ: ಕ್ಲಬ್ಬನ್ನು ಗೆರೆಯ ಮೇಲೆ ಬಹಳ ಹೊತ್ತು ಎಳೆದುಕೊಂಡು ಹೋಗಬಾರದು. ಹಾಗೆ ಮಾಡಿದರೆ ತೋಳು ಎದೆಯಿಂದ ದೂರವಾಗಿ ಕ್ಲಬ್ ಹೊರಗೆ ಹೋಗುತ್ತದೆ. ಸ್ವಿಂಗ್ ಓರೆಯಾದ ಸುತ್ತು, ನೇರ ಗೆರೆಯಲ್ಲ. ಒಳಗೆ ಬರುವುದು ಸಹಜ, ಹೊರಳಿ ಒಳಗೆ ಬರುವುದು ಅಸಹಜ.

ಕಾರಂಜಾ, ಭಾಲ್ಕಿ

ಅದಕ್ಕೇ ಒಂದು ಅಡಿ ಎಂದು ಬರೆದದ್ದು, ಸರ್. ಉದ್ದನೆಯ ಕ್ಲಬ್ ಆದರೆ ಇನ್ನು ಸ್ವಲ್ಪ ಹೆಚ್ಚು, ವೆಡ್ಜ್‌ನಂಥ ಗಿಡ್ಡ ಕ್ಲಬ್ ಆದರೆ ಕಡಿಮೆ.

ಎಡಗೈಯವ, ಯಾದಗಿರಿ

ನಾನು ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡುತ್ತೇನೆ. ಒಂದು ದಿನ ಕ್ಲಬ್ ಒಳಗೆ ಕಾಣುತ್ತದೆ, ಮರುದಿನ ಹೊರಗೆ ಕಾಣುತ್ತದೆ. ಶಾಫ್ಟ್ ಬಾಗಿದಂತೆಯೂ ಕಾಣುತ್ತದೆ. ಏನನ್ನು ನಂಬಬೇಕು?

ಕಾರಂಜಾ, ಭಾಲ್ಕಿ

ಮೊಬೈಲನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ಇಡಿರಿ. ಗುರಿಯ ಎದುರು ದಿಕ್ಕಿನಲ್ಲಿ, ಕೈಗಳ ಎತ್ತರಕ್ಕೆ, ಕೈಗಳ ನೇರಕ್ಕೆ ಇಟ್ಟು, ಗುರಿಯ ಗೆರೆಗೆ ಸಮಾನಾಂತರವಾಗಿ ತಿರುಗಿಸಬೇಕು. ಅರ್ಧ ಅಡಿ ಆಚೀಚೆ ಸರಿದರೂ ಒಳಗೆ ಇದ್ದದ್ದು ಹೊರಗೆ ಕಾಣುತ್ತದೆ. ಶಾಫ್ಟ್ ಬಾಗಿದಂತೆ ಕಾಣುವುದು ಬಹಳ ಮಟ್ಟಿಗೆ ಕ್ಯಾಮೆರಾದ ಮಾಯೆ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಒಮ್ಮೆಲೇ ಹಿಡಿಯದೆ ಸಾಲು ಸಾಲಾಗಿ ಹಿಡಿಯುವುದರಿಂದ ವೇಗವಾಗಿ ಚಲಿಸುವ ವಸ್ತು ವಕ್ರವಾಗಿ ಮೂಡುತ್ತದೆ. ಟೇಕ್‌ಅವೇ ನಿಧಾನದ ಭಾಗವಾದ್ದರಿಂದ ಅಲ್ಲಿ ಆ ತೊಂದರೆ ಕಡಿಮೆ.

ಭೀಮಾತೀರ, ಯಾದಗಿರಿ

ಕೈ ಹೊರಳುವುದನ್ನು ಬಿಡಿಸಲು ನಾನು ಹೊಸಬರಿಗೆ ಕ್ಲಬ್ಬನ್ನೇ ಕೊಡುವುದಿಲ್ಲ. ತೊಗರಿಬೇಳೆ ತುಂಬಿದ ಮೊರವನ್ನು ಎರಡೂ ಕೈಗಳಲ್ಲಿ ಹಿಡಿದು, ಪಾದ ಕೀಳದೆ, ಬಲಕ್ಕೆ ನಿಂತವರಿಗೆ ಕೊಡಿರಿ ಎನ್ನುತ್ತೇನೆ. ಯಾರೂ ಕೈ ಹೊರಳಿಸುವುದಿಲ್ಲ, ಹೊರಳಿಸಿದರೆ ಬೇಳೆ ಚೆಲ್ಲುತ್ತದೆಂದು ಎಲ್ಲರಿಗೂ ಗೊತ್ತು. ಎದೆಯೇ ತಿರುಗುತ್ತದೆ, ಮೊರ ಎದೆಯ ಮುಂದೆಯೇ ಉಳಿಯುತ್ತದೆ. ಆಮೇಲೆ ಕ್ಲಬ್ ಕೊಟ್ಟು ಅದೇ ತಿರುವನ್ನು ಮಾಡಿಸುತ್ತೇನೆ. ಎಡಗೈಯವರು ಎಡಕ್ಕೆ ಕೊಡಬೇಕು ಎಂದು ಮೊದಲೇ ಬರೆದುಬಿಡುತ್ತೇನೆ.

ತೊಗರಿನಾಡು, ಕಲಬುರಗಿ

ಗೆಣ್ಣು ಎಣಿಸಿದೆ, ಒಂದೇ ಕಂಡಿತು. ತೋರುಬೆರಳಿನ ಕೊಕ್ಕೆ ಪರೀಕ್ಷೆಯಲ್ಲಿ ಕ್ಲಬ್ ಜಾರಿಬಿಟ್ಟಿತು. ಹಿಡಿಕೆಯನ್ನು ಬೆರಳುಗಳಿಗೆ ತಂದು, ಎರಡೂವರೆ ಗೆಣ್ಣು ಕಾಣುವಷ್ಟು ಕೈ ತಿರುಗಿಸಿ ಹಿಡಿದ ಮೇಲೆ, ಸೊಂಟದೆತ್ತರದಲ್ಲಿ ಕ್ಲಬ್‌ಫೇಸ್ ಆಕಾಶ ನೋಡುವುದು ನಿಂತಿದೆ. ಆದರೆ ಹೊಸ ಹಿಡಿತದಲ್ಲಿ ಕ್ಲಬ್ ಕೈಯಿಂದ ಜಾರುತ್ತದೆಯೇನೋ ಎಂಬ ಭಯ. ಈ ಬಿಸಿಲಿನಲ್ಲಿ ಗ್ಲೌಸ್ ನೆನೆದು ಹೋಗುತ್ತದೆ, ಗೊತ್ತಿಲ್ಲದೆ ಹಿಂಡಿ ಹಿಡಿಯುತ್ತೇನೆ.

ಮಾಂಜ್ರಾ ದಂಡೆ, ಬೀದರ

ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮೇಲೆ ಒಂದು ಗ್ಲೌಸ್ ಸಾಲುವುದಿಲ್ಲ. ಎರಡು ಇಟ್ಟುಕೊಂಡು ಒಂದನ್ನು ಚೀಲಕ್ಕೆ ಸಿಕ್ಕಿಸಿ ನೆರಳಲ್ಲಿ ಒಣಗಲು ಬಿಡಿರಿ, ಹಿಡಿಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆಮೇಲೆ ಒಣ ಬಟ್ಟೆಯಿಂದ ಒರೆಸಿರಿ. ಬೆವರಿನ ಜಿಡ್ಡು ಹಿಡಿದ ರಬ್ಬರ್ ಎಷ್ಟು ಹಿಂಡಿದರೂ ಜಾರುತ್ತದೆ. ಹಿಡಿಕೆ ನುಣುಪಾಗಿದ್ದರೆ ಹೊಸದನ್ನು ಹಾಕಿಸಿರಿ, ಅದು ಮಣಿಕಟ್ಟಿಗೆ ಸಿಗುವ ಅಗ್ಗದ ಔಷಧ.

ಹದಿನೆಂಟನೇ ಕುಳಿ, ಬೀದರ

ಬಿಗಿತಕ್ಕೆ ಇನ್ನೊಂದು ಪರಿಹಾರ ಹೊರಡುವ ಮೊದಲು ಕ್ಲಬ್ಬನ್ನು ಮೆಲ್ಲಗೆ ಆಡಿಸುವುದು. ಹೋಗನ್ ಇದನ್ನು ಟೇಕ್‌ಅವೇಯ ತಾಲೀಮು ಎಂದೇ ಪರಿಗಣಿಸಿದ್ದರು. ಮುಂದೆ ಮಾಡಲಿರುವ ಚಲನೆಯನ್ನೇ ಚಿಕ್ಕದಾಗಿ ಮಾಡಿ ತೋರಿಸಿದಂತೆ. ನಿಕ್ಲಾಸ್ ಕ್ಲಬ್ಬನ್ನು ನೆಲಕ್ಕೆ ಒತ್ತದೆ ತುಸು ಮೇಲೆ ಹಿಡಿಯುತ್ತಿದ್ದರು. ನೆಲದ ಮೇಲೆ ಭಾರ ಬಿಟ್ಟ ಕ್ಲಬ್ಬನ್ನು ಎತ್ತಲು ಕೈ ಮೊದಲು ಕಿತ್ತುಕೊಳ್ಳುತ್ತದೆ, ಗಾಳಿಯಲ್ಲಿ ಹಿಡಿದ ಕ್ಲಬ್ ಭುಜದ ಜೊತೆ ಸರಾಗವಾಗಿ ಹೊರಡುತ್ತದೆ. ಎರಡನ್ನೂ ಮಾಡಿ ನೋಡಿರಿ.

ಏಳನೇ ಐರನ್, ಬೀದರ

ಇಷ್ಟೆಲ್ಲ ಆದ ಮೇಲೂ ಮೂಲ ಪ್ರಶ್ನೆಗೆ ಉತ್ತರ ಬರಲಿಲ್ಲ. ಬೇಗ ಮಡಚಿದರೆ ಸ್ವಿಂಗ್‌ನ ಸುತ್ತು ಚಿಕ್ಕದಾಗಿ ದೂರ ಕಡಿಮೆಯಾಗುತ್ತದೆ, ಇದನ್ನು ಯಾರಾದರೂ ಅಲ್ಲಗಳೆಯುತ್ತೀರಾ?

ಹದಿನೆಂಟನೇ ಕುಳಿ, ಬೀದರ

ಪೂರ್ತಿ ಅಲ್ಲಗಳೆಯುವುದಿಲ್ಲ. ಮಡಚುತ್ತಾ ತೋಳನ್ನೂ ಮಡಚಿಬಿಟ್ಟರೆ ಸುತ್ತು ಚಿಕ್ಕದಾಗುತ್ತದೆ. ತೋಳು ಚಾಚಿಯೇ ಇದ್ದು ಮಣಿಕಟ್ಟು ಮಾತ್ರ ಏರಿದರೆ ಆಗುವ ನಷ್ಟ ಅತ್ಯಲ್ಪ. ಗುರಿಯ ಕಡೆಯ ತೋಳು ನೆಲಕ್ಕೆ ಸಮಾನಾಂತರವಾಗುವಷ್ಟರಲ್ಲಿ ತೋಳಿಗೂ ಶಾಫ್ಟಿಗೂ ನಡುವೆ ಸುಮಾರು 90 ಡಿಗ್ರಿ ಕೋನ ಆಗಿದ್ದರೆ, ಅದು ಬೇಗ ಶುರುವಾಯಿತೋ ತಡವಾಗಿ ಶುರುವಾಯಿತೋ ಎಂಬುದು ನಿಮ್ಮ ಲಯಕ್ಕೆ ಬಿಟ್ಟದ್ದು. ತೊಗರಿನಾಡು ಅವರಿಗೆ ನನ್ನ ಸಲಹೆ: ಸದ್ಯಕ್ಕೆ ತಡವಾಗಿಯೇ ಮಡಚಿರಿ, ಕೈ ಹೊರಳುವ ಅಭ್ಯಾಸ ಬಿಡುವ ತನಕ. ಆಮೇಲೆ ಬೇಕಾದರೆ ಬೇಗ ಮಡಚಬಹುದು. ಇನ್ನು ದೂರದ ಮಾತು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ದೂರ ಹೊಡೆದು ಅಲ್ಲ, ಚೆಂಡನ್ನು ಬೇಕಾದಲ್ಲಿ ಇಟ್ಟು.

ಏಳನೇ ಐರನ್, ಬೀದರ

ಹೊಸಬರಿಗೆ ತಡವಾಗಿ ಮಡಚುವುದೇ ಕ್ಷೇಮ ಎಂಬಷ್ಟನ್ನು ಒಪ್ಪಿದಿರಲ್ಲ, ನನಗೆ ಅಷ್ಟು ಸಾಕು.

ಎಡಗೈಯವ, ಯಾದಗಿರಿ

ಮರಳುಗುಂಡಿಯಿಂದ ಹೊಡೆಯುವಾಗಲೂ ತಡವಾಗಿಯೇ ಮಡಚಬೇಕೇ? ನನಗೆ ಅಲ್ಲಿ ಚೆಂಡು ಏಳುವುದೇ ಇಲ್ಲ.

ಹದಿನೆಂಟನೇ ಕುಳಿ, ಬೀದರ

ಬೇಡ. ಹಸಿರಿನ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಪಕ್ಕದ ಮರಳುಗುಂಡಿಯಲ್ಲಿ ಕ್ಲಬ್ ಕಡಿದಾಗಿ ಇಳಿದು ಚೆಂಡಿಗಿಂತ ಒಂದೆರಡು ಇಂಚು ಹಿಂದೆ ಮರಳಿಗೆ ಹೊಗಬೇಕು. ಅಲ್ಲಿ ಕ್ಲಬ್ ಹೊರಟ ಕೂಡಲೇ ಮಣಿಕಟ್ಟನ್ನು ಹೆಬ್ಬೆರಳಿನ ಕಡೆಗೆ ಏರಿಸಿರಿ, ಫೇಸನ್ನು ಹಿಡಿತ ಹಿಡಿಯುವ ಮೊದಲೇ ತೆರೆದಿಟ್ಟುಕೊಳ್ಳಿರಿ. ಮೊದಲು ಹಿಡಿದು ಆಮೇಲೆ ಕೈ ಹೊರಳಿಸಿ ತೆರೆದರೆ ಹೊಡೆಯುವಾಗ ಅದು ಮತ್ತೆ ಮುಚ್ಚಿಕೊಂಡು ಮರಳಿನಲ್ಲಿ ಹೂತುಹೋಗುತ್ತದೆ. ಹಸಿರಿನ ಅಂಚಿನಿಂದ ಉರುಳಿಸುವ ಚಿಕ್ಕ ಚಿಪ್‌ನಲ್ಲಿ ಮಾತ್ರ ಮಣಿಕಟ್ಟಿಗೆ ಹೆಚ್ಚು ಕೆಲಸ ಕೊಡಬೇಡಿರಿ, ಭುಜವೇ ಸಾಕು.

ಎಡಗೈಯವ, ಯಾದಗಿರಿ

ನಾನು ಹಿಡಿದ ಮೇಲೆ ತೆರೆಯುತ್ತಿದ್ದೆ. ಭಾನುವಾರ ಹೀಗೆ ಹೊಡೆದು ನೋಡಿ ಬರೆಯುತ್ತೇನೆ, ಸರ್.